ಕೋಣದ ಪಾಲೆಷ್ಟು, ಓಡಿದವರ ಪಾಲೆಷ್ಟು

13.62ನ್ನು 142.5ರಿಂದ ಭಾಗಿಸಿ, ನೂರರಿಂದ ಗುಣಿಸಿ. 9.558 ಬರುತ್ತದೆ. 2020ರ ಫೆಬ್ರವರಿಯಲ್ಲಿ ಈ ಒಂದು ಲೆಕ್ಕ ದೇಶವನ್ನೆಲ್ಲ ಸುತ್ತಿ ಹೊರದೇಶಗಳನ್ನೂ ತಲುಪಿತು. ಐಕಳ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರುಗದ್ದೆಯ ಓಟದ ಹಾದಿಯನ್ನು, ಕೋಣಗಳ ಜೊತೆ 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದ್ದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿದರು, 9.55 ಎಂದು ಬರೆದರು, ಪಕ್ಕದಲ್ಲಿ ಉಸೇನ್ ಬೋಲ್ಟ್ ಅವರ ನೂರು ಮೀಟರಿನ ವಿಶ್ವದಾಖಲೆ 9.58 ಇಟ್ಟರು. ಆಮೇಲೆ ಹೇಳುವುದೇನಿದೆ, ಕಾಡ್ಗಿಚ್ಚಿನಂತೆ ಹಬ್ಬಿತು. ಆಗ ನೂರು ಮೀಟರಿನ ಭಾರತೀಯ ದಾಖಲೆ 10.26 ಸೆಕೆಂಡು, 2016ರಲ್ಲಿ ಅಮಿಯ ಕುಮಾರ್ ಮಲ್ಲಿಕ್ ಬರೆದದ್ದು. ಅದಕ್ಕಿಂತ ಮುಕ್ಕಾಲು ಸೆಕೆಂಡಿನಷ್ಟು ವೇಗದ ಓಟಗಾರ ನಮ್ಮ ಕರಾವಳಿಯ ಕೆಸರಿನಲ್ಲಿ ಇದ್ದಾನೆಂದರೆ ಯಾರಿಗೆ ತಾನೇ ರೋಮಾಂಚನವಾಗದು? ಕೇಂದ್ರ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು ಭಾರತೀಯ ಕ್ರೀಡಾ ಪ್ರಾಧಿಕಾರದ ಪರೀಕ್ಷಾ ಓಟಕ್ಕೆ ಕರೆದರು. ಕೆಲವೇ ದಿನಗಳಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಅವರ ಹೆಸರಿನಲ್ಲಿ 9.51 ಎಂಬ ಇನ್ನೊಂದು ಅಂಕಿ ಬಂತು.

ಗೌಡರು ಆ ಪರೀಕ್ಷೆಗೆ ಹೋಗಲಿಲ್ಲ. ಕಂಬಳದ ಋತು ನಡೆಯುತ್ತಿದೆ, ಕಾಲಿಗೆ ಪೆಟ್ಟಾಗಿದೆ ಎಂಬ ಕಾರಣಗಳ ಜೊತೆ ಅವರು ಇನ್ನೆರಡು ಮಾತು ಹೇಳಿದ್ದರು. ಕಂಬಳದಲ್ಲಿ ನಾವು ಹಿಮ್ಮಡಿಯ ಮೇಲೆ ಓಡುತ್ತೇವೆ, ಟ್ರ್ಯಾಕಿನಲ್ಲಿ ಕಾಲ್ಬೆರಳಿನ ಮೇಲೆ ಓಡಬೇಕು ಎಂಬುದು ಒಂದು. ಕಂಬಳದಲ್ಲಿ ಓಡುವವನ ಪಾಲು ಇರುವ ಹಾಗೆ ಕೋಣಗಳ ಪಾಲೂ ಇದೆ ಎಂಬುದು ಇನ್ನೊಂದು. ಆ ತಿಂಗಳು ಈ ವಿಷಯದ ಮೇಲೆ ಬಂದ ಬರಹ, ಚರ್ಚೆ, ಟ್ವೀಟುಗಳೆಲ್ಲವನ್ನೂ ಒಂದು ತಟ್ಟೆಗೆ ಹಾಕಿದರೂ ಈ ಎರಡು ಮಾತುಗಳ ತೂಕ ಬರುವುದಿಲ್ಲ ಎಂದು ನಾನು ನಂಬಿದ್ದೇನೆ. ಕ್ರೀಡಾ ಸಾಧನೆಯನ್ನು ವಿಜ್ಞಾನದ ಕಣ್ಣಿನಿಂದ ನೋಡಲು ಹೊರಟವರಿಗೆ ಎದುರಾಗುವ ಕಷ್ಟಗಳೆಲ್ಲ ಬೀಜರೂಪದಲ್ಲಿ ಅಲ್ಲಿವೆ.

ಪದವಿಪೂರ್ವ ತರಗತಿಗಳಿಗೆ ಭೌತಶಾಸ್ತ್ರ ಕಲಿಸುವ ನಾನು ಅಳತೆ ಮತ್ತು ದೋಷದ ಪಾಠ ಬಂದಾಗ ಪುಸ್ತಕದ ವರ್ನಿಯರ್ ಕ್ಯಾಲಿಪರ್‌ಗಿಂತ ಮೊದಲು ಈ ಕಂಬಳದ ಲೆಕ್ಕವನ್ನು ಹಲಗೆಯ ಮೇಲೆ ಬರೆಯುತ್ತೇನೆ. ನಮ್ಮ ಕಾಲೇಜು ಕರಾವಳಿಯದ್ದು. ಮಕ್ಕಳಲ್ಲಿ ಅರ್ಧದಷ್ಟು ಮಂದಿ ಕಂಬಳ ನೋಡಿದವರು. ಉತ್ತರ ಕೇಳುವ ಬದಲು, ಇದನ್ನು ಒಪ್ಪಲು ನಿಮಗೆ ಇನ್ನೇನೇನು ಮಾಹಿತಿ ಬೇಕು ಎಂದು ಕೇಳುತ್ತೇನೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸರ್, ಗಡಿಯಾರ ನಿಂತದ್ದು ಕೋಣದ ಮೂತಿಗೋ, ಓಡಿಸಿದವರ ಎದೆಗೋ?”

ಇಡೀ ಪಾಠ ಆ ಪ್ರಶ್ನೆಯಲ್ಲಿತ್ತು. ಅಥ್ಲೆಟಿಕ್ಸ್‌ನಲ್ಲಿ ಗೆರೆ ದಾಟಬೇಕಾದದ್ದು ಓಟಗಾರನ ಮುಂಡ. ತಲೆ, ಕೈ, ಕಾಲು ಲೆಕ್ಕಕ್ಕಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೋವಾ ಲೈಲ್ಸ್ 9.784, ಕಿಶೇನ್ ಥಾಂಪ್ಸನ್ 9.789, ಐದು ಸಾವಿರಾಂಶ ಸೆಕೆಂಡಿನಲ್ಲಿ ಚಿನ್ನ ಬೆಳ್ಳಿಯ ತೀರ್ಮಾನವಾಯಿತು. ಆ ವೇಗದಲ್ಲಿ ಅದು ಐದಾರು ಸೆಂಟಿಮೀಟರ್ ಅಂತರ. ಕಂಬಳದಲ್ಲಿ ಮಂಜೊಟ್ಟಿ, ಅಂದರೆ ಓಟ ಮುಗಿಯುವ ತುದಿ, ತಲುಪುವುದು ಮೊದಲು ಕೋಣ. ಓಡಿಸುವವರು ಹಿಂದೆ ಇರುತ್ತಾರೆ. ಸ್ಪರ್ಧೆ ಕೋಣಗಳದ್ದಾದ್ದರಿಂದ ಅಲ್ಲಿನ ನ್ಯಾಯ ಅಲ್ಲಿಗೆ ಸರಿಯಾಗಿಯೇ ಇದೆ. ಅದೇ ಅಂಕಿಯನ್ನು ಮನುಷ್ಯನ ಹೆಸರಿಗೆ ಬರೆದು, ಬೋಲ್ಟ್ 9.58 ಓಡಿದ ಬರ್ಲಿನ್‌ಗೆ ಕೊಂಡೊಯ್ದಾಗ ತೊಡಕು ಶುರುವಾಗುತ್ತದೆ.

ದೋಷದ ಲೆಕ್ಕವನ್ನೇ ಹಾಕಿ ನೋಡೋಣ. ಕರೆಯ ಉದ್ದದ ಅಳತೆಯಲ್ಲಿ ಒಂದು ಮೀಟರ್ ಹೆಚ್ಚುಕಡಿಮೆಯಾದರೆ ನೂರು ಮೀಟರಿಗೆ ಇಳಿಸಿದ ಸಮಯದಲ್ಲಿ ಸುಮಾರು 0.067 ಸೆಕೆಂಡಿನ ವ್ಯತ್ಯಾಸವಾಗುತ್ತದೆ. ಗಡಿಯಾರ ಶುರುವಾಗುವಲ್ಲಿ 0.2 ಸೆಕೆಂಡು ತಡವಾದರೆ 0.14 ಸೆಕೆಂಡು. ಜಗತ್ತೆಲ್ಲ ಕುಣಿದಾಡಿದ್ದು 9.58ಕ್ಕೂ 9.55ಕ್ಕೂ ನಡುವಿನ 0.03 ಸೆಕೆಂಡಿನ ಮೇಲೆ. ಕೈಯಿಂದ ಒತ್ತುವ ಗಡಿಯಾರದಲ್ಲಿ ಅಳೆದ ನೂರು ಮೀಟರ್ ಓಟವನ್ನು ವಿದ್ಯುನ್ಮಾನ ಸಮಯದ ಜೊತೆ ಹೋಲಿಸುವಾಗ 0.24 ಸೆಕೆಂಡು ಸೇರಿಸುವ ರೂಢಿ ಅಥ್ಲೆಟಿಕ್ಸ್‌ನಲ್ಲಿದೆ. ಗುಂಡು ಹಾರಿದ್ದನ್ನು ಕಂಡು ಬೆರಳು ಗಡಿಯಾರದ ಗುಂಡಿ ಒತ್ತುವಷ್ಟರಲ್ಲಿ ಅಷ್ಟು ಸಮಯ ಸೋರಿಹೋಗಿರುತ್ತದೆ. ಇನ್ನು 9.558ನ್ನು 9.55 ಎಂದು ಬರೆದದ್ದೂ ಆ ಶಾಸ್ತ್ರಕ್ಕೆ ಒಪ್ಪುವುದಿಲ್ಲ; ಅಲ್ಲಿ ಸಾವಿರಾಂಶ ಉಳಿದರೆ ಮೇಲಿನ ಶತಾಂಶಕ್ಕೆ ಏರಿಸಲೇಬೇಕು. 9.56.

ಆದರೆ ಅಳತೆಯ ದೋಷಕ್ಕಿಂತ ದೊಡ್ಡ ಸಮಸ್ಯೆ ಭಾಗಾಕಾರದಲ್ಲೇ ಇದೆ. ಓಟವೆಂಬುದು ಒಂದೇ ವೇಗದ ಚಲನೆಯಲ್ಲ. 2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ ಬೋಲ್ಟ್ 9.58 ಓಡಿದಾಗ ವಿಜ್ಞಾನಿಗಳ ತಂಡ ಲೇಸರ್ ಹಿಡಿದು ಅವರ ವೇಗವನ್ನು ಅಳೆಯಿತು. ಗುಂಡು ಹಾರಿ 0.146 ಸೆಕೆಂಡು ಕಳೆದ ಮೇಲೆ ಅವರು ಅಲುಗಿದ್ದು. ಮೊದಲ 20 ಮೀಟರಿಗೆ 2.9 ಸೆಕೆಂಡಿನ ಹತ್ತಿರ ಹಿಡಿಯಿತು. 60ರಿಂದ 80 ಮೀಟರಿನ ನಡುವಿನ 20 ಮೀಟರಿಗೆ 1.61 ಸೆಕೆಂಡು ಸಾಕಾಯಿತು. ಅಂದರೆ ಸೆಕೆಂಡಿಗೆ 12.4 ಮೀಟರ್. ನಿಂತಲ್ಲಿಂದ ವೇಗಕ್ಕೆ ಏರುವ ಈ ಖರ್ಚು ಓಟ ಉದ್ದವಾದಷ್ಟೂ ಸರಾಸರಿಯಲ್ಲಿ ತೆಳುವಾಗುತ್ತದೆ. 142.5 ಮೀಟರಿನ ಸರಾಸರಿಯನ್ನು 100 ಮೀಟರಿನ ಓಟದ ಪಕ್ಕ ಇಡುವುದು ಅದಕ್ಕೇ ಸರಿಯಲ್ಲ.

ಹಾಗಾದರೆ ಬೋಲ್ಟ್ 142.5 ಮೀಟರ್ ಓಡಿದ್ದರೆ? ಇದಕ್ಕೆ ಉತ್ತರಿಸಲು ಒಂದು ಅಪರೂಪದ ಓಟ ಇದೆ. ಅದೇ 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನ ನಡುಬೀದಿಯಲ್ಲಿ ಹಾಸಿದ ನೇರ ಟ್ರ್ಯಾಕಿನ ಮೇಲೆ ಅವರು 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದರು. ಅದರ ಕೊನೆಯ ನೂರು ಮೀಟರಿಗೆ ತಗುಲಿದ್ದು 8.70 ಸೆಕೆಂಡು. ಆ ವೇಗದಲ್ಲಿ ಕೊನೆಯ ಏಳೂವರೆ ಮೀಟರಿಗೆ 0.65 ಸೆಕೆಂಡು, ಕಳೆದರೆ 142.5 ಮೀಟರಿಗೆ 13.70 ಆಸುಪಾಸು. ನೂರಕ್ಕೆ ಇಳಿಸಿದರೆ 9.61. ಈಗ ನೋಡಿ, ಒಬ್ಬನೇ ಮನುಷ್ಯನಿಗೆ ಮೂರು ‘ನೂರು ಮೀಟರ್’ ಆದವು: 9.58, 9.61, 8.70. ಮೂರೂ ನಿಜ. ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಗೌಡರ 9.56ನ್ನು ಹೋಲಿಸುವುದಾದರೆ 9.61ರ ಜೊತೆ ಹೋಲಿಸಬೇಕು, ಮತ್ತು ಆಗಲೂ ಅವರೇ ಮುಂದಿದ್ದಾರೆ! ತರಗತಿಯಲ್ಲಿ ಇಲ್ಲಿಗೆ ಬಂದಾಗ ಮಕ್ಕಳ ಮುಖ ಅರಳುತ್ತದೆ. ಭಾಗಾಕಾರ ಸರಿಪಡಿಸಿದರೂ ಅಂಕಿ ಉಳಿದುಕೊಂಡಿತು. ಹಾಗಿದ್ದರೆ ಆ ವೇಗದ ಮೂಲ ಎಲ್ಲಿ ಎಂಬ ಪ್ರಶ್ನೆ ನಿಜವಾಗಿ ಶುರುವಾಗುವುದೇ ಆಗ.

ಅದಕ್ಕೆ ಹೋಗುವ ಮುನ್ನ ಒಂದು ಮಾತು. ಕಂಬಳದ ಅಳತೆ ಹಳ್ಳಿಯದ್ದು, ಒಲಿಂಪಿಕ್ಸ್‌ನದು ಪ್ರಶ್ನಾತೀತ ಎಂದು ತಿಳಿಯುವುದು ಬೇಡ. 1988ರ ಜುಲೈಯಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಮಹಿಳೆಯರ ನೂರು ಮೀಟರನ್ನು ದಾಖಲೆಯ 10.49 ಸೆಕೆಂಡಿನಲ್ಲಿ ಓಡಿದಾಗ ಗಾಳಿಮಾಪಕ 0.0 ತೋರಿಸಿತು. ಅದೇ ಹೊತ್ತಿನಲ್ಲಿ ಅದೇ ಮೈದಾನದ ತ್ರಿವಿಧ ಜಿಗಿತದ ಮಾಪಕ ಸೆಕೆಂಡಿಗೆ 4.3 ಮೀಟರ್ ಗಾಳಿ ತೋರಿಸುತ್ತಿತ್ತು. ಬೆನ್ನ ಹಿಂದಿನಿಂದ ಬೀಸಿ ಓಟಗಾರರನ್ನು ಮುಂದಕ್ಕೆ ತಳ್ಳುವ ಗಾಳಿಗೆ ದಾಖಲೆಯಲ್ಲಿ ಒಪ್ಪಿತವಾದ ಮಿತಿ 2.0. ನಿಜವಾದ ಗಾಳಿ 5ರಿಂದ 7ರ ನಡುವೆ ಇದ್ದಿರಬೇಕೆಂದು ಭೌತವಿಜ್ಞಾನಿ ನಿಕ್ ಲಿಂಥಾರ್ನ್ ಆಮೇಲೆ ಲೆಕ್ಕ ಹಾಕಿ ತೋರಿಸಿದರು. ದಾಖಲೆ ಮಾತ್ರ ಇಂದಿಗೂ ಅಲ್ಲೇ ಇದೆ. 2022ರಲ್ಲಿ ಯೂಜೀನ್‌ನ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಿಂದ ಹರ್ಡಲ್ಸ್ ಓಟಗಾರ ಡೆವನ್ ಅಲೆನ್ ಅವರನ್ನು ಹೊರಗೆ ಕಳುಹಿಸಿದರು. ಗುಂಡಿನ ಸದ್ದಿಗೆ ಅವರು ಸ್ಪಂದಿಸಿದ್ದು 0.099 ಸೆಕೆಂಡಿನಲ್ಲಿ, ಮಿತಿ 0.100. ಮನುಷ್ಯನ ಕಿವಿಯಿಂದ ಕಾಲಿಗೆ ಸುದ್ದಿ ಅದಕ್ಕಿಂತ ಬೇಗ ಮುಟ್ಟಲಾರದು ಎಂಬ ಊಹೆಯ ಮೇಲೆ ನಿಂತ ಮಿತಿ ಅದು. ಆ ಊಹೆಯೇ ಸರಿಯೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಮುಗಿದಿಲ್ಲ. ಒಬ್ಬ ಓಟಗಾರನ ವರ್ಷಗಳ ದುಡಿಮೆ ಸಾವಿರದ ಒಂದು ಭಾಗದಲ್ಲಿ ಕೊಚ್ಚಿಹೋದದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಈಗ ಕೆಸರಿಗೆ ಬರೋಣ. ಅಂದು ಎಲ್ಲರ ಬಾಯಲ್ಲಿದ್ದ ವಾದ ಇದು: ಕೆಸರಿನಲ್ಲಿ, ಬರಿಗಾಲಿನಲ್ಲಿ ಇಷ್ಟು ವೇಗವಾದರೆ ಒಳ್ಳೆಯ ಟ್ರ್ಯಾಕಿನಲ್ಲಿ, ಸ್ಪೈಕ್ಸ್ ಹಾಕಿಕೊಂಡರೆ ಇನ್ನೆಷ್ಟಿರಬಹುದು! ಕೇಳಲು ಸರಿಯಾಗಿಯೇ ಇದೆ. ಮೆತ್ತನೆಯ ನೆಲ ಶಕ್ತಿಯನ್ನು ನುಂಗುತ್ತದೆ. ಗಟ್ಟಿನೆಲಕ್ಕೆ ಹೋಲಿಸಿದರೆ ಮರಳಿನ ಮೇಲಿನ ಓಟಕ್ಕೆ ಸುಮಾರು 1.6 ಪಟ್ಟು ಶಕ್ತಿ ಬೇಕು ಎಂದು 1998ರ ಅಧ್ಯಯನವೊಂದು ಅಳೆದು ಹೇಳಿದೆ. ಕೆಸರು ಮರಳಲ್ಲ, ಆದರೆ ದಿಕ್ಕು ಅದೇ. ಈ ವಾದ ಕಳೆಯುವುದನ್ನು ಮಾತ್ರ ಹೇಳುತ್ತದೆ, ಕೂಡುವುದನ್ನು ಹೇಳುವುದಿಲ್ಲ. ಕೂಡುವುದು ಹಗ್ಗ. ಮನುಷ್ಯನ ಹಲವು ಪಟ್ಟು ತೂಕದ ಎರಡು ಪ್ರಾಣಿಗಳು ಮುಂದೆ ನಾಗಾಲೋಟದಲ್ಲಿ ಓಡುತ್ತಿರುವಾಗ ಹಗ್ಗವನ್ನೋ ಹಲಗೆಯನ್ನೋ ಹಿಡಿದವನ ಮೇಲೆ ಮುಂದಕ್ಕೆ ಎಳೆತ ಬೀಳುತ್ತದೆ.

ಟ್ರ್ಯಾಕಿನ ತರಬೇತುದಾರರಿಗೆ ಈ ಎಳೆತ ಹೊಸದಲ್ಲ. ಓಟಗಾರನ ಸೊಂಟಕ್ಕೆ ರಬ್ಬರ್ ಪಟ್ಟಿ ಅಥವಾ ಯಂತ್ರದ ಹಗ್ಗ ಕಟ್ಟಿ ಮುಂದಿನಿಂದ ಎಳೆದು, ಅವನ ಸ್ವಂತ ಗರಿಷ್ಠ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಅಭ್ಯಾಸ ಬಹಳ ಕಾಲದಿಂದ ಇದೆ. ಹಾಗೆ ಎಳೆದಾಗ ದೇಹದಲ್ಲಿ ಏನಾಗುತ್ತದೆ ಎಂಬುದನ್ನು ಅಧ್ಯಯನ ಮಾಡಿದ್ದಾರೆ: ಹೆಜ್ಜೆ ಉದ್ದವಾಗುತ್ತದೆ, ಪಾದ ದೇಹದ ಭಾರಕೇಂದ್ರಕ್ಕಿಂತ ಹೆಚ್ಚು ಮುಂದೆ ಬಿದ್ದು ಓಟವನ್ನು ತಡೆಯುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕಂಬಳದ ಯಾವುದಾದರೂ ಒಳ್ಳೆಯ ವಿಡಿಯೊವನ್ನು ನಿಧಾನಗತಿಯಲ್ಲಿ ನೋಡಿ. ಒಂದು ತೋಳು ಹಗ್ಗದ ಬಿಗಿತಕ್ಕೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಮುಂಡ ಮುಂದಕ್ಕೆ ಬಾಗುವ ಬದಲು ನೆಟ್ಟಗೆ, ಎಷ್ಟೋ ಸಲ ಹಿಂದಕ್ಕೆ ವಾಲಿರುತ್ತದೆ. ಕಾಲು ಮುಂದೆ ಚಾಚಿ ಹಿಮ್ಮಡಿ ಮೊದಲು ಕೆಸರಿಗೆ ಇಳಿಯುತ್ತದೆ. ಎಳೆತವಿಲ್ಲದೆ ಯಾರೂ ಆ ಭಂಗಿಯಲ್ಲಿ ವೇಗವಾಗಿ ಓಡಲಾರರು, ಹಿಂದಕ್ಕೆ ಬಿದ್ದುಬಿಡುತ್ತಾರೆ. ಗೌಡರು ಹೇಳಿದ ಹಿಮ್ಮಡಿಯ ಮಾತೂ ಕೋಣದ ಪಾಲಿನ ಮಾತೂ ಎರಡಲ್ಲ, ಒಂದೇ ಎಂದು ನನಗೆ ಹೊಳೆದದ್ದು ಹೀಗೆ ನೋಡುವಾಗ. ಎಳೆತ ಇರುವುದರಿಂದಲೇ ಹಿಮ್ಮಡಿ ಮೊದಲು ಊರುತ್ತದೆ. ಅವರು ಪ್ರಯೋಗಾಲಯದ ಮುಖ ನೋಡದೆ, ತಮ್ಮ ಕಾಲಿನಿಂದಲೇ ಅದನ್ನು ಓದಿದ್ದರು.

ಟ್ರ್ಯಾಕಿನ ವೇಗದ ಗುಟ್ಟು ಬೇರೆ. ಪೀಟರ್ ವೇಯಂಡ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದಂತೆ, ವೇಗದ ಓಟಗಾರರು ಕಾಲನ್ನು ಬೇಗ ಬೇಗ ಬೀಸಿ ಗೆಲ್ಲುವುದಿಲ್ಲ. ನೆಲಕ್ಕೆ ಹೆಚ್ಚು ಬಲ ಕೊಟ್ಟು ಗೆಲ್ಲುತ್ತಾರೆ. ಪಾದ ನೆಲಕ್ಕೆ ತಾಗಿರುವ, ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ ಆ ಬಲ ಹಾಕಬೇಕು. ಕೆಸರಿನಲ್ಲಿ ಅದು ಆಗದು. ಅಲ್ಲಿ ಬೇಕಾದದ್ದು ಜಾರುವ, ಹೂಳುವ ನೆಲದಲ್ಲಿ ಸಮತೋಲ ಕೆಡದಂತೆ, ಹಗ್ಗ ಬಿಡದಂತೆ, ಪ್ರಾಣಿಯ ಲಯಕ್ಕೆ ತನ್ನ ಹೆಜ್ಜೆಯನ್ನು ಹೊಂದಿಸಿಕೊಳ್ಳುವ ಸಾಮರ್ಥ್ಯ. ಇದು ಕಡಿಮೆಯದಲ್ಲ. ಬೋಲ್ಟ್ ಅವರನ್ನು ಕರೆದು ತಂದು ಹಗ್ಗ ಕೈಗೆ ಕೊಟ್ಟರೆ ಓಟ ಶುರುವಾಗುವ ಗಂತಿನಿಂದ ಎಷ್ಟು ದೂರ ನಿಂತುಕೊಂಡು ಬಂದಾರು ಎಂಬ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲವಲ್ಲ!

ಸಲಕರಣೆಯ ಪಾಲನ್ನು ಕಳೆದು ದೇಹದ ಪಾಲನ್ನಷ್ಟೇ ಉಳಿಸಿಕೊಳ್ಳಲು ಒಂದು ಕ್ರೀಡೆ ನಿಜಕ್ಕೂ ಪ್ರಯತ್ನಿಸಿತ್ತು. ಸೈಕಲ್ ಸವಾರ ಕ್ರಿಸ್ ಬೋರ್ಡ್‌ಮನ್ 1996ರಲ್ಲಿ ಒಂದು ಗಂಟೆಯಲ್ಲಿ 56.375 ಕಿಲೋಮೀಟರ್ ಕ್ರಮಿಸಿದರು. ತೋಳನ್ನು ಪೂರ್ತಿ ಮುಂದಕ್ಕೆ ಚಾಚಿ ಗಾಳಿಯನ್ನು ಸೀಳುವ ವಿಶೇಷ ಭಂಗಿ, ವಿಶೇಷ ಸೈಕಲ್. ಆಮೇಲೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಹಳೆಯ ಕಾಲದ ಸಾದಾ ಸೈಕಲ್ ಮತ್ತು ಸಾದಾ ಭಂಗಿಯನ್ನೇ ಕಡ್ಡಾಯ ಮಾಡಿ ಬೇರೆ ದಾಖಲೆ ತೆರೆಯಿತು. 2000ದಲ್ಲಿ ಅದೇ ಬೋರ್ಡ್‌ಮನ್ ಆ ಸೈಕಲ್ ಏರಿ 49.441 ಕಿಲೋಮೀಟರ್ ಓಡಿಸಿದರು. ಹೆಚ್ಚುಕಡಿಮೆ ಏಳು ಕಿಲೋಮೀಟರ್ ಅಂತರ. ಅದೆಲ್ಲ ಯಂತ್ರದ್ದೇ ಎನ್ನೋಣವೆಂದರೆ ಸವಾರನ ವಯಸ್ಸೂ ಅಷ್ಟರಲ್ಲಿ ನಾಲ್ಕು ವರ್ಷ ಹೆಚ್ಚಾಗಿತ್ತು. ಒಬ್ಬನೇ ಮನುಷ್ಯ, ಒಂದೇ ಗಂಟೆ, ಜಗತ್ತಿನಲ್ಲೇ ಅತ್ಯಂತ ಶಿಸ್ತಿನಿಂದ ಅಳೆಯುವ ಕ್ರೀಡೆ. ಆದರೂ ಕಳೆಯುವ ಲೆಕ್ಕ ಶುದ್ಧವಾಗಿ ಬರಲಿಲ್ಲ. ಇನ್ನು ಸೈಕಲ್‌ಗೆ ಸ್ವಂತ ಮನಸ್ಸಿಲ್ಲ. ಕೋಣಕ್ಕಿದೆ.

ಹಾಗಾದರೆ ಟ್ರ್ಯಾಕಿಗೆ ಕರೆದು ಓಡಿಸಿ ನೋಡುವುದೇ ಸರಿಯಾದ ಪರೀಕ್ಷೆಯಲ್ಲವೇ ಎಂದು ಕೇಳುವವರಿದ್ದಾರೆ. 2019ರ ಆಗಸ್ಟ್‌ನಲ್ಲಿ ಮಧ್ಯಪ್ರದೇಶದ ರಾಮೇಶ್ವರ್ ಗುರ್ಜರ್ ಬರಿಗಾಲಿನಲ್ಲಿ ನೂರು ಮೀಟರನ್ನು 11 ಸೆಕೆಂಡಿನಲ್ಲಿ ಓಡುತ್ತಾನೆಂದು ವಿಡಿಯೊ ಹರಿದಾಡಿ, ಭೋಪಾಲದಲ್ಲಿ ಪರೀಕ್ಷಾ ಓಟ ಏರ್ಪಟ್ಟಿತು. ಕ್ಯಾಮೆರಾಗಳ ಮುಂದೆ, ತರಬೇತಿ ಪಡೆದ ಓಟಗಾರರ ಜೊತೆ ಓಡಿದ ಆ ಯುವಕ ಕೊನೆಯವನಾಗಿ ಬಂದ. ವಿಡಿಯೊ ನೋಡಿ ಹೊಗಳಿದವರೇ ಮರುದಿನ ಗೇಲಿ ಮಾಡಿದರು. ಒಂದು ಓಟದಿಂದ ಅವನು ಭಾರಿ ಓಟಗಾರ ಎಂದು ತೀರ್ಮಾನಿಸುವುದು ಎಷ್ಟು ತಪ್ಪೋ, ಒಂದು ಓಟದಿಂದ ಅವನಲ್ಲಿ ಏನೂ ಇಲ್ಲ ಎಂದು ತೀರ್ಮಾನಿಸುವುದೂ ಅಷ್ಟೇ ತಪ್ಪು. ಸ್ಪೈಕ್ಸ್ ಅಭ್ಯಾಸವಿಲ್ಲದ ಕಾಲು, ಹೊಸ ಜಾಗ, ದೇಶವೇ ನೋಡುತ್ತಿದೆಯೆಂಬ ಒತ್ತಡ, ಇವೆಲ್ಲ ಸೇರಿ ಬಂದ ಒಂದೇ ಒಂದು ಅಂಕಿಯಿಂದ ಪ್ರತಿಭೆಯನ್ನು ಬಿಡಿಸಿ ತೆಗೆಯುವ ವಿದ್ಯೆ ಯಾರ ಹತ್ತಿರವೂ ಇಲ್ಲ. ಗೌಡರು ಹೋಗದೇ ಇದ್ದದ್ದು ಒಳ್ಳೆಯದೇ ಆಯಿತು ಎಂದು ನಾನು ಹೇಳುವುದು ಇದಕ್ಕೆ.

ಆದರೂ ಕೋಣದ ಪಾಲು, ಓಡಿಸುವವರ ಪಾಲು ಬಿಡಿಸಿ ನೋಡುವುದು ಅಸಾಧ್ಯವೇನಲ್ಲ. ಇಲ್ಲಿ ಮುಖ್ಯ ತೊಡಕು, ಒಳ್ಳೆಯ ಕೋಣ ಸಾಕಿದ ಯಜಮಾನರು ಒಳ್ಳೆಯ ಓಟಗಾರರನ್ನೇ ಕರೆಯುತ್ತಾರೆ ಎಂಬುದು. ಹೀಗಾಗಿ ಗೆಲುವಿನ ಪಟ್ಟಿ ನೋಡಿದರೆ ಇಬ್ಬರ ಗುಣವೂ ಒಂದರೊಳಗೊಂದು ಬೆರೆತಿರುತ್ತದೆ. ಫಾರ್ಮುಲಾ ಒನ್‌ನಲ್ಲಿಯೂ ಇದೇ ಗೋಜಲು: ಕಾರು ಗೆದ್ದಿತೋ, ಚಾಲಕ ಗೆದ್ದನೋ? 2016ರಲ್ಲಿ ಪ್ರಕಟವಾದ ಆಂಡ್ರ್ಯೂ ಬೆಲ್ ಮತ್ತು ಸಂಗಡಿಗರ ಅಧ್ಯಯನ ದಶಕಗಳ ಫಲಿತಾಂಶಗಳನ್ನು ಸೋಸಿ, ಚಾಲಕನಿಗಿಂತ ತಂಡದ ಪಾಲೇ ದೊಡ್ಡದು ಎಂಬ ತೀರ್ಮಾನಕ್ಕೆ ಬಂತು. ಅದು ಸಾಧ್ಯವಾದದ್ದು ಚಾಲಕರು ತಂಡದಿಂದ ತಂಡಕ್ಕೆ ಬದಲಾಗುತ್ತಿದ್ದುದರಿಂದ. ಒಬ್ಬನೇ ಚಾಲಕ ಎರಡು ಕಾರು, ಒಂದೇ ಕಾರಿಗೆ ಇಬ್ಬರು ಚಾಲಕರು ಸಿಕ್ಕರೆ ಗಂಟು ಬಿಚ್ಚಲು ಎಳೆ ಸಿಕ್ಕಂತೆ.

ಕಂಬಳದಲ್ಲಿ ಈ ಎಳೆ ಹೇರಳವಾಗಿದೆ. ಒಬ್ಬ ಓಟಗಾರ ಒಂದೇ ಕಂಬಳದಲ್ಲಿ ಬೇರೆ ಬೇರೆ ಯಜಮಾನರ ಕೋಣಗಳನ್ನು, ಬೇರೆ ಬೇರೆ ವಿಭಾಗಗಳಲ್ಲಿ ಓಡಿಸುತ್ತಾನೆ. ಮುಂದಿನ ವರ್ಷ ಅದೇ ಕೋಣ ಬೇರೆಯವರ ಕೈಗೆ ಹೋಗಬಹುದು. ಕಂಬಳದ ಮರುದಿನದ ಪತ್ರಿಕೆ ತೆರೆದರೆ ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಕನೆ ಹಲಗೆ ಎಂದು ವಿಭಾಗವಾರು ಫಲಿತಾಂಶ ಇರುತ್ತದೆ; ಯಜಮಾನರ ಹೆಸರು, ‘ಎ’ ಅಥವಾ ‘ಬಿ’ ಎಂಬ ಜೋಡಿ, ಅದರ ಕೆಳಗೆ “ಓಡಿಸಿದವರು” ಎಂದು ಓಟಗಾರನ ಹೆಸರು, ಹಲಗೆಯಾದರೆ “ಹಲಗೆ ಮುಟ್ಟಿದವರು”. ವಿಜ್ಞಾನಿಗಳು ಬಾರದೇ ಇದ್ದರೂ ಕಂಬಳದವರು ತಮ್ಮ ಪಾಡಿಗೆ ದತ್ತಾಂಶ ಬರೆದಿಡುತ್ತ ಬಂದಿದ್ದಾರೆ, ಮತ್ತು ಮನುಷ್ಯನ ಹೆಸರನ್ನೂ ಕೋಣದ ಜೋಡಿಯನ್ನೂ ಬೇರೆ ಬೇರೆಯಾಗಿಯೇ ದಾಖಲಿಸಿದ್ದಾರೆ. ಇದನ್ನು ಮೊದಲ ಬಾರಿ ಗಮನಿಸಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಉಪಕರಣ ಇಟ್ಟು ಅಳೆಯುವುದು ಇನ್ನೂ ಕಷ್ಟ. ಹಗ್ಗದ ನಡುವೆ ಬಲಮಾಪಕ ಜೋಡಿಸಿದರೆ ಎಳೆತವನ್ನು ನೇರವಾಗಿ ಅಳೆಯಬಹುದು, ಆದರೆ ಅದು ನೀರು, ಕೆಸರು, ಜಗ್ಗಾಟ ತಾಳಿಕೊಳ್ಳಬೇಕು, ಓಡಿಸುವವರ ಹಿಡಿತಕ್ಕೆ ಅಡ್ಡಬರಬಾರದು. ಕ್ಯಾಮೆರಾ ಇಟ್ಟರೆ ನಮಗೆ ಬೇಕಾದ ಪಾದವನ್ನೇ ಚಿಮ್ಮುವ ನೀರು ಮುಚ್ಚುತ್ತದೆ. ಜೋಡುಕರೆಯಲ್ಲಿ ಅಕ್ಕಪಕ್ಕ ಇರುವ ಎರಡು ಕರೆಗಳ ಕೆಸರು ಒಂದೇ ಹದದಲ್ಲಿದೆ ಎಂದು ಹೇಳಲಾಗದು. ಊರಿಂದ ಊರಿಗೆ ಉದ್ದವೂ ಬೇರೆ, ಮಣ್ಣೂ ಬೇರೆ. ಹಗಲು ಶುರುವಾದ ಸ್ಪರ್ಧೆ ರಾತ್ರಿಯೆಲ್ಲ ನಡೆಯುವುದರಿಂದ ಫೈನಲ್ ಓಡುವ ಹೊತ್ತಿಗೆ ಮನುಷ್ಯನೂ ದಣಿದಿರುತ್ತಾನೆ, ಪ್ರಾಣಿಯೂ ದಣಿದಿರುತ್ತದೆ, ಕೆಸರೂ ಕಲಸಿ ಬೇರೆಯೇ ಆಗಿರುತ್ತದೆ. ಕನೆ ಹಲಗೆಯಲ್ಲಂತೂ ಸೆಕೆಂಡಿಗೆ ಬೆಲೆಯೇ ಇಲ್ಲ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ ಮುಟ್ಟಿತೋ ಇಲ್ಲವೋ ಅಷ್ಟೇ. ಎಷ್ಟು ಚೆಂದದ ಅಳತೆ! ಗಡಿಯಾರ ಬೇಡ, ಸಾವಿರ ಜನ ಒಟ್ಟಿಗೆ ನೋಡಿ ಒಪ್ಪಬಹುದು. ವೇಗ, ಹಲಗೆಯ ಮೇಲೆ ನಿಂತವನ ಭಾರ, ಅವನು ಹಲಗೆಯನ್ನು ಒತ್ತುವ ಕೋನ ಎಲ್ಲ ಸೇರಿ ಒಂದು ನೀರಿನ ಕಂಬವಾಗಿ ಏಳುತ್ತದೆ.

ಸೆಕೆಂಡುಗಳ ಮೋಹಕ್ಕೆ ಇನ್ನೊಂದು ಅಪಾಯವೂ ಇದೆ, ಅದನ್ನು ಹೇಳದೆ ಇರಲಾರೆ. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ನಿಂತಿದ್ದ ಕಂಬಳ, ರಾಜ್ಯದ ಕಾನೂನು ತಿದ್ದುಪಡಿಯಿಂದ ಮತ್ತೆ ಶುರುವಾಗಿ, 2023ರ ಮೇ 18ರ ತೀರ್ಪಿನಲ್ಲಿ ಊರ್ಜಿತವಾಯಿತು. ಪ್ರಾಣಿಗೆ ಹಿಂಸೆಯಾಗಬಾರದು ಎಂಬ ಷರತ್ತಿನ ಮೇಲೆ ಈ ಆಟ ನಿಂತಿದೆ. ಬೋಲ್ಟ್ ದಾಖಲೆ ಮುರಿಯಿತು ಎಂಬ ಸುದ್ದಿ ಪ್ರತಿ ವರ್ಷ ಬೇಕೆಂದು ಜನ ಬಯಸತೊಡಗಿದರೆ ಅದರ ಬೆಲೆ ತೆರುವುದು ಕೋಣದ ಬೆನ್ನು. ಅಳೆಯುವುದಾದರೆ ಕೋಣದ ಹೃದಯಬಡಿತವನ್ನೂ, ಓಟ ಮುಗಿದ ಮೇಲೆ ಅದು ಎಷ್ಟು ಹೊತ್ತಿಗೆ ಸುಧಾರಿಸಿಕೊಳ್ಳುತ್ತದೆ ಎಂಬುದನ್ನೂ ಅಳೆಯಬೇಕು. ಪಾಲು ಕೇಳುವ ಲೆಕ್ಕದಲ್ಲಿ ನೋವಿನ ಪಾಲೂ ಬರಬೇಕು.

2023ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಮಣಿಕಂಠ ಹೋಬಳಿದಾರ್ ನೂರು ಮೀಟರನ್ನು 10.23 ಸೆಕೆಂಡಿನಲ್ಲಿ ಓಡಿ ರಾಷ್ಟ್ರೀಯ ದಾಖಲೆ ಬರೆದರು. ಅದಾದ ಮೇಲೂ ಆ ದಾಖಲೆ ಇನ್ನಷ್ಟು ಇಳಿದಿದೆ. ಆ 10.23ರ ಹಿಂದೆ ಎಷ್ಟು ವರ್ಷಗಳ ದುಡಿಮೆ ಇದೆ ಎಂದು ಬಲ್ಲವರು 9.55ನ್ನು ಅದರ ಪಕ್ಕ ಇಟ್ಟು ಹೋಲಿಸಲಾರರು. ಇಬ್ಬರಿಗೂ ಅದು ಅನ್ಯಾಯ: ಟ್ರ್ಯಾಕಿನವನ ಶತಾಂಶಗಳನ್ನು ಅಗ್ಗ ಮಾಡುತ್ತದೆ, ಕರೆಯವನ ಕೌಶಲವನ್ನು ಟ್ರ್ಯಾಕಿನ ಮುಂದೆ ಕೈಕಟ್ಟಿ ನಿಲ್ಲಿಸುತ್ತದೆ.

ನಮ್ಮ ಕಾಲೇಜಿನ ಮಕ್ಕಳು ಈಗ ಹಳೆಯ ಪತ್ರಿಕೆಗಳಿಂದ ಕಂಬಳದ ಫಲಿತಾಂಶಗಳನ್ನು ಒಂದು ಪಟ್ಟಿಗೆ ಇಳಿಸುತ್ತಿದ್ದಾರೆ: ದಿನಾಂಕ, ಊರು, ವಿಭಾಗ, ಯಜಮಾನರು, ಜೋಡಿ, ಓಡಿಸಿದವರು, ಸಮಯ ಸಿಕ್ಕಿದರೆ ಸಮಯ. ಒಂದೇ ಜೋಡಿ ಕೋಣವನ್ನು ಇಬ್ಬರು ಬೇರೆ ಬೇರೆ ಓಟಗಾರರು ಒಂದೇ ಊರಿನ ಕರೆಯಲ್ಲಿ ಓಡಿಸಿದ ಸಾಲುಗಳಿಗೆ ಹಸಿರು ಬಣ್ಣ ಹಚ್ಚಲು ಹೇಳಿದ್ದೇನೆ. ನಿಮ್ಮ ಮನೆಯಲ್ಲಿ ಹಳೆಯ ಕಂಬಳದ ಫಲಿತಾಂಶದ ತುಣುಕುಗಳಿದ್ದರೆ, ಕರೆಯ ಉದ್ದವನ್ನು ಅಳೆದು ಬರೆದಿಟ್ಟವರಿದ್ದರೆ, ದಯವಿಟ್ಟು ಎಸೆಯಬೇಡಿ. ಫೋಟೊ ತೆಗೆದು ಇಡಿ. ಊರಿನ ಹೆಸರು, ವರ್ಷ, ವಿಭಾಗ ಕಾಣುವ ಹಾಗೆ.